ಗುಂಡಿ ಎಣಿಸುವವರು, ಗೊಂಬೆ ಆಡುವವರು

ಬಣ್ಣ ಬಳಿದ ಸೀಸದ ಸಿಪಾಯಿಗಳನ್ನು ಸಂಗ್ರಹಿಸುವವರಲ್ಲಿ ಎರಡು ಪಂಥಗಳಿವೆ. ಮೊದಲನೆಯ ಪಂಥದವರಿಗೆ ಗೊಂಬೆಯ ಅಂಗಿಯ ಮೇಲೆ ಎಷ್ಟು ಗುಂಡಿಗಳಿವೆ, ಅವು ಒಂಟಿಯಾಗಿವೆಯೋ ಜೋಡಿಯಾಗಿವೆಯೋ ಎಂಬುದು ಧರ್ಮಸೂಕ್ಷ್ಮದ ಪ್ರಶ್ನೆ. ಇದನ್ನು ಕೇವಲ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಐದು ಗಾರ್ಡ್ಸ್ ಕಾಲಾಳು ಪಡೆಗಳ ಕೆಂಪು ಅಂಗಿ ದೂರಕ್ಕೆ ಒಂದೇ ತೆರನಾಗಿ ಕಂಡರೂ ಗುಂಡಿಗಳು ಬೇರೆ ಬೇರೆ: ಗ್ರೆನೇಡಿಯರ್ ಪಡೆಗೆ ಬಿಡಿಬಿಡಿಯಾಗಿ, ಕೋಲ್ಡ್‌ಸ್ಟ್ರೀಮ್ ಪಡೆಗೆ ಎರಡೆರಡು, ಸ್ಕಾಟರಿಗೆ ಮೂರು ಮೂರು, ಐರಿಷರಿಗೆ ನಾಲ್ಕು ನಾಲ್ಕು, ವೆಲ್ಷರಿಗೆ ಐದೈದು. ಎರಡನೆಯ ಪಂಥದವರಿಗೆ ಈ ಲೆಕ್ಕ ಬೇಡ. ಗೊಂಬೆಯ ಕೆನ್ನೆ ಗುಲಾಬಿಯಾಗಿದ್ದು, ಬಣ್ಣ ಥಳಥಳಿಸಿ, ಸಾಲಾಗಿ ನಿಲ್ಲಿಸಿದಾಗ ಕಣ್ಣಿಗೆ ಹಬ್ಬವಾದರೆ ಸಾಕು. ಮೊದಲಿನವರನ್ನು ಎರಡನೆಯವರು ‘ಗುಂಡಿ ಎಣಿಸುವವರು’ ಎಂದು ಗೇಲಿ ಮಾಡುತ್ತಾರೆ; ಎರಡನೆಯವರನ್ನು ಮೊದಲಿನವರು ಇನ್ನೂ ಬೆಳೆಯದ ಮಕ್ಕಳೆಂದು ಭಾವಿಸುತ್ತಾರೆ.

ಮೂವತ್ತು ವರ್ಷಗಳಿಂದ ಈ ಹವ್ಯಾಸಕ್ಕೆ ಒಳಗಾಗಿರುವ ನಾನು ಎರಡೂ ಪಂಥಗಳ ನಡುವೆ ಓಡಾಡಿದವನು. ಮನೆಯ ಎರಡು ಗಾಜಿನ ಕಪಾಟುಗಳಲ್ಲಿ ಬೆರಳುದ್ದದ ಇನ್ನೂರು ಚಿಲ್ಲರೆ ಸೈನಿಕರು ನನ್ನಲ್ಲಿದ್ದಾರೆ. ಇದು ಸಿರಿವಂತರ ಚಪಲವೆಂದೋ ನಿವೃತ್ತರ ಕಾಲಹರಣವೆಂದೋ ನಗುವವರಿದ್ದಾರೆ, ನಗಲಿ. ಆದರೆ ಇತಿಹಾಸದಲ್ಲಿ ನಿಖರತೆ ಮುಖ್ಯವೋ ಸಂತೋಷ ಮುಖ್ಯವೋ ಎಂಬ ಈ ಪುಟ್ಟ ಜಗಳವು ನಮ್ಮ ಪಠ್ಯಪುಸ್ತಕಗಳ, ಚಲನಚಿತ್ರಗಳ, ಪ್ರತಿಮೆಗಳ ಸುತ್ತ ನಡೆಯುವ ದೊಡ್ಡ ಜಗಳದ ಮರಿಯೇ ಆಗಿದೆ. ಟಿಪ್ಪುವಿನ ಹೆಸರೆತ್ತಿದರೆ ಸಭೆ ಎರಡು ಹೋಳಾಗುವ ನಾಡಿನಲ್ಲಿ, ಗೊಂಬೆಗಳ ಜಗಳವನ್ನು ಕೊಂಚ ತಾಳ್ಮೆಯಿಂದ ನೋಡುವುದರಿಂದ ನಷ್ಟವೇನೂ ಇಲ್ಲ.

ಸಿಪಾಯಿ ಗೊಂಬೆಗಳು ಮಾರುಕಟ್ಟೆಯ ಸರಕಾದದ್ದು ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ. ನ್ಯೂರೆಂಬರ್ಗ್ ಸುತ್ತಮುತ್ತಲಿನ ತವರದ ಕೆಲಸಗಾರರು ಕಾಗದದಷ್ಟು ತೆಳುವಾದ, ಚಪ್ಪಟೆ ಸೈನಿಕರನ್ನು ಎರಕ ಹೊಯ್ದು ಬಣ್ಣ ಹಾಕಿ ಮಾರತೊಡಗಿದರು. ಫ್ರಾನ್ಸಿನವರು ಮೈತುಂಬಿದ, ತೂಕದ ಗೊಂಬೆಗಳನ್ನು ಮಾಡಿದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬದ ಸಂಸ್ಥೆ ಟೊಳ್ಳು ಎರಕದ ವಿಧಾನವನ್ನು ಕಂಡುಕೊಂಡಿತು. ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಅಂಚು ಗಟ್ಟಿಯಾದೊಡನೆ ಒಳಗಿನ ದ್ರವವನ್ನು ಹೊರಚೆಲ್ಲಿದರೆ ಪೊಳ್ಳು ಗೊಂಬೆ ಉಳಿಯುತ್ತದೆ. ಲೋಹ ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. 54 ಮಿಲಿಮೀಟರ್ ಎತ್ತರದ ಈ ಗೊಂಬೆಗಳು ಮಧ್ಯಮವರ್ಗದ ಮನೆಗಳಿಗೂ ನುಗ್ಗಿದವು. ಸೀಸ ವಿಷವೆಂಬ ಅರಿವು ಮೂಡಿ, ನಿಯಮಗಳು ಬಿಗಿಯಾಗಿ, 1966ರ ಹೊತ್ತಿಗೆ ಬ್ರಿಟನ್ಸ್ ಸಂಸ್ಥೆಯ ಸೀಸದ ಸಿಪಾಯಿಗಳ ಯುಗ ಮುಗಿಯಿತು. ಇಂದು ಅವುಗಳಿಗೆ ಮಕ್ಕಳಿಗಿಂತ ಹರಾಜುಕಟ್ಟೆಯ ಮುದುಕರೇ ಹೆಚ್ಚಿನ ಗಿರಾಕಿಗಳು.

ಆ ಹಳೆಯ ಗೊಂಬೆಗಳಲ್ಲಿ ನಿಖರತೆ ಎಷ್ಟಿತ್ತು? ಸಮವಸ್ತ್ರದ ಬಣ್ಣಗಳಲ್ಲಿ ಕಾಳಜಿ ಇತ್ತು, ಮುಖಗಳಲ್ಲಿ ಇರಲಿಲ್ಲ. ಎರಡು ಚುಕ್ಕಿ ಕಣ್ಣು, ಒಂದು ಗೀರು ಮೀಸೆ. ಭಾರತದ ಕುದುರೆ ಸವಾರರನ್ನೂ ಆ ಸಂಸ್ಥೆ ಮಾಡಿತು. ಬಂಗಾಳ, ಮದ್ರಾಸು, ಹೈದರಾಬಾದು ಎಂದು ಪೆಟ್ಟಿಗೆಯ ಮೇಲಿನ ಹೆಸರು ಬದಲಾಗುತ್ತಿತ್ತು, ಅಂಗಿಯ ಬಣ್ಣ ಬದಲಾಗುತ್ತಿತ್ತು. ಪೇಟದ ಕೆಳಗಿನ ಕಂದು ಮುಖ ಮಾತ್ರ ಅದೇ. ಮೈಸೂರು ಲ್ಯಾನ್ಸರ್ಸ್ ನನಗೆ ಬೇಕೆನಿಸಿದಾಗ ನಾನು ಮಾಡಿದ್ದೂ ಅದನ್ನೇ: ಬಣ್ಣ ಕಿತ್ತುಹೋಗಿದ್ದ ಕೆಲವು ಬಂಗಾಳದ ಸವಾರರನ್ನು ಕೊಂಡು, ಮೈಗೆ ಖಾಕಿ ಬಳಿದು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ನಗರವನ್ನು ವಶಪಡಿಸಿಕೊಂಡ ನಮ್ಮ ಸವಾರರನ್ನಾಗಿ ಪರಿವರ್ತಿಸಿದೆ. ಅಚ್ಚು ಸುಳ್ಳು, ಬಣ್ಣ ನಿಜ. ಆ ನಾಲ್ಕು ಸಂಜೆಗಳ ಸಂತೋಷವಂತೂ ಅಪ್ಪಟ ನಿಜ.

ಆಟದ ಪಕ್ಷಕ್ಕೆ ದೊಡ್ಡ ವಕೀಲರಿದ್ದಾರೆ. ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್, ಕ್ಷಯಕ್ಕೆ ಚಿಕಿತ್ಸೆ ಪಡೆಯಲು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದ್ದಾಗ ಮಲಮಗನೊಂದಿಗೆ ನೆಲದ ಮೇಲೆ ಹೊರಳಾಡುತ್ತ ಗೊಂಬೆ ಯುದ್ಧಗಳನ್ನು ಆಡುತ್ತಿದ್ದ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದು ಈ ಆಟಕ್ಕೆ ನಿಯಮಗಳನ್ನು ರೂಪಿಸಿದ. ಆಟಿಕೆ ಫಿರಂಗಿಯ ಸ್ಪ್ರಿಂಗಿನಿಂದ ಚಿಮ್ಮುವ ಮರದ ಗುಂಡು ತಾಗಿ ಬಿದ್ದವನು ಸತ್ತ, ಅಷ್ಟೇ. ಗುಂಡಿಗಳ ಗೊಡವೆಯೇ ಅವನಿಗಿರಲಿಲ್ಲ. ಆದರೆ ಪುಸ್ತಕದ ಕೊನೆಯಲ್ಲಿ ಅವನು ಹೇಳುವ ಮಾತು ಗಂಭೀರವಾದದ್ದು: ಯುದ್ಧದ ಉಮೇದಿರುವ ದೊರೆಗಳನ್ನೂ ದೇಶಭಕ್ತರನ್ನೂ ಒಂದು ದೊಡ್ಡ ಕೋಣೆಯಲ್ಲಿ ಗೊಂಬೆಗಳೊಡನೆ ಕೂಡಿಹಾಕಿದರೆ ಲೋಕ ನೆಮ್ಮದಿಯಾಗಿದ್ದೀತು ಎಂಬುದು ಅದರ ಸಾರ. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಇನ್ನೊಬ್ಬ ಆಟಗಾರ ನಮಗೆ ಹತ್ತಿರದವನು. ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಬೆಂಗಳೂರು ದಂಡಿಗೆ ಬಂದ ಕಿರಿಯ ಅಧಿಕಾರಿ. ಇಲ್ಲಿನ ಕ್ಲಬ್ಬಿನಲ್ಲಿ ಅವನು ಉಳಿಸಿಹೋದ ಹದಿಮೂರು ರೂಪಾಯಿ ಬಾಕಿಯ ಕಥೆ ಬೆಂಗಳೂರಿಗರಿಗೆ ಬಾಯಿಪಾಠ. ಅವನು ಸೈನ್ಯಕ್ಕೆ ಸೇರಲು ಕಾರಣವಾದದ್ದೇ ಸೀಸದ ಸಿಪಾಯಿಗಳು. ಬಾಲ್ಯದಲ್ಲಿ ತನ್ನ ಬಳಿ ಸುಮಾರು 1500 ಗೊಂಬೆಗಳಿದ್ದವೆಂದೂ, ಅವುಗಳ ವ್ಯೂಹವನ್ನು ಪರಿಶೀಲಿಸಿದ ತಂದೆ ‘ಸೈನ್ಯಕ್ಕೆ ಸೇರುತ್ತೀಯಾ’ ಎಂದು ಕೇಳಿದರೆಂದೂ ಅವನು 1930ರ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದೇ ಪುಟಗಳಲ್ಲಿ ಇನ್ನೊಂದು ವಿವರವಿದೆ. ಎದುರಾಳಿ ಪಡೆಯ ನಾಯಕ ಅವನ ತಮ್ಮ ಜಾಕ್. ಆದರೆ ಅಣ್ಣ ಹೇರಿದ ಒಪ್ಪಂದದ ಪ್ರಕಾರ ತಮ್ಮನಿಗೆ ಕರಿಯ ಬಣ್ಣದ ಸೈನಿಕರು ಮಾತ್ರ. ಅವರಿಗೆ ಫಿರಂಗಿ ಇರಕೂಡದು. ಚರ್ಚಿಲ್ ಇದನ್ನು ತಮಾಷೆಯಾಗಿಯೇ ಹೇಳಿದ್ದಾನೆ. ಓದುವ ನಮಗೆ ಆ ಮಕ್ಕಳ ಕೋಣೆಯ ನಿಯಮದಲ್ಲಿ ಒಂದು ಸಾಮ್ರಾಜ್ಯದ ನೀತಿಯೇ ಕಾಣುತ್ತದೆ. ಆಟವೆಂದ ಮಾತ್ರಕ್ಕೆ ಅದು ಮುಗ್ಧವಾಗಿರಬೇಕಿಲ್ಲ.

ಹಾಗಾದರೆ ನಿಖರತೆಯೇ ಮದ್ದು ಎನ್ನೋಣವೇ? ಈ ಪ್ರಶ್ನೆಗೆ ಉತ್ತರವಾಗಿ ಹವ್ಯಾಸಿಗಳು ಮತ್ತೆ ಮತ್ತೆ ನೆನೆಯುವ ಹೆಸರು ವಿಲಿಯಂ ಸಿಬೋರ್ನ್. 1830ರಲ್ಲಿ ಬ್ರಿಟಿಷ್ ಸೈನ್ಯ ಈ ಲೆಫ್ಟಿನೆಂಟ್‌ಗೆ ವಾಟರ್ಲೂ ಕದನದ ಮಾದರಿಯೊಂದನ್ನು ಸಿದ್ಧಪಡಿಸುವ ಕೆಲಸ ವಹಿಸಿತು. ಅವನು ರಣರಂಗದ ನಡುವಿನ ಲಾ ಹೇ ಸ್ಯಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ತಂಗಿ, ಉಬ್ಬುತಗ್ಗುಗಳನ್ನೆಲ್ಲ ಅಳೆದ. ಬದುಕುಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು, 1815ರ ಜೂನ್ 18ರ ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ಪಡೆ ಎಲ್ಲಿತ್ತು, ಯಾವ ವ್ಯೂಹದಲ್ಲಿತ್ತು, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ವಿಚಾರಿಸಿದ. ಬಂದ ನೂರಾರು ಉತ್ತರಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಒಂದು ಕದನವನ್ನು ಕುರಿತು ಅಷ್ಟು ಸಾಕ್ಷಿಗಳನ್ನು ಅದಕ್ಕೆ ಮೊದಲು ಯಾರೂ ಕಲೆಹಾಕಿರಲಿಲ್ಲ; ಅದೂ ಗೊಂಬೆಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಸಲುವಾಗಿ.

ನಡುವೆ ಸರ್ಕಾರ ಕೈಬಿಟ್ಟಿತು. ಸಿಬೋರ್ನ್ ಸಾಲಸೋಲ ಮಾಡಿ 1838ರಲ್ಲಿ ಕೆಲಸ ಮುಗಿಸಿದ. ಸುಮಾರು 400 ಚದರಡಿಯ ಆ ಮಾದರಿಯಲ್ಲಿ ಒಂದು ಸೆಂಟಿಮೀಟರಿನಷ್ಟೇ ಎತ್ತರದ 70 ಸಾವಿರಕ್ಕೂ ಹೆಚ್ಚು ಲೋಹದ ಗೊಂಬೆಗಳಿವೆ. ಲಂಡನ್ನಿನ ಜನ ಮುಗಿಬಿದ್ದು ನೋಡಿದರು. ಆದರೆ ತೊಡಕು ಬಂದದ್ದು ಸಂಜೆಯ ಏಳು ಗಂಟೆಯಲ್ಲಿ. ಆ ಹೊತ್ತಿಗೆ ಮಿತ್ರಪಕ್ಷದ ಪ್ರಷ್ಯನ್ ಸೈನ್ಯ ನೆಪೋಲಿಯನ್ನನ ಬಲಪಾರ್ಶ್ವವನ್ನು ಒತ್ತುತ್ತಿತ್ತೆಂದು ಸಾಕ್ಷಿಗಳು ಹೇಳಿದ್ದರಿಂದ ಸಿಬೋರ್ನ್ ಅವರನ್ನು ಭಾರೀ ಸಂಖ್ಯೆಯಲ್ಲಿ ನಿಲ್ಲಿಸಿದ್ದ. ಹಾಗಾದರೆ ಗೆಲುವಿನಲ್ಲಿ ಪ್ರಷ್ಯನ್ನರ ಪಾಲೆಷ್ಟು, ಇಂಗ್ಲಿಷರ ಪಾಲೆಷ್ಟು? ವಾಟರ್ಲೂವಿನ ವೀರ ವೆಲ್ಲಿಂಗ್ಟನ್‌ನ ವಲಯಕ್ಕೆ ಇದು ರುಚಿಸಲಿಲ್ಲ. ಕೊನೆಗೆ ಸಿಬೋರ್ನ್ ಪ್ರಷ್ಯನ್ ಗೊಂಬೆಗಳಲ್ಲಿ ಬಹುಭಾಗವನ್ನು ಕಿತ್ತುಹಾಕಿದ. ಒತ್ತಡಕ್ಕೆ ಮಣಿದು ಹೀಗೆ ಮಾಡಿದನೋ, ಮರುಪರಿಶೀಲನೆಯಿಂದ ಮನವರಿಕೆಯಾಗಿ ಮಾಡಿದನೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಮಾದರಿ ಮಾತ್ರ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ, ಆ ಗೊಂಬೆಗಳಿಲ್ಲದೆಯೇ, ನಿಂತಿದೆ. ಅಲ್ಲಿನ ಒಂದೊಂದು ಬೇಲಿಯೂ ಸರಿಯಾಗಿದೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯೇ ತೂಗುಯ್ಯಾಲೆಯಲ್ಲಿದೆ.

ಕದನದ ಇತಿಹಾಸ ಬರೆಯುವುದು ನೃತ್ಯಕೂಟವೊಂದರ ಇತಿಹಾಸ ಬರೆದಂತೆ ಎಂದು ವೆಲ್ಲಿಂಗ್ಟನ್ 1815ರಲ್ಲೇ ಪತ್ರವೊಂದರಲ್ಲಿ ಅಭಿಪ್ರಾಯಪಟ್ಟಿದ್ದ. ಯಾವುದು ಯಾವಾಗ, ಯಾವ ಕ್ರಮದಲ್ಲಿ ನಡೆಯಿತೆಂದು ಯಾರಿಗೂ ನೆನಪಿರದು ಎಂಬುದು ಅವನ ವಾದ. ಕುತೂಹಲದ ಸಂಗತಿಯೆಂದರೆ, ಇದೇ ಮನುಷ್ಯ ತನ್ನ ಮೂವತ್ತರ ಪ್ರಾಯದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ತದ್ವಿರುದ್ಧವಾಗಿ ನಡೆದುಕೊಂಡಿದ್ದ. ಆಗ ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಅದರ ಆಡಳಿತ ಅವನ ಕೈಗೆ ಬಂತು. ವಾಸ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನಲ್ಲಿ. ಆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಕಂಪನಿ ಪಡೆಯನ್ನು ನುಚ್ಚುನೂರು ಮಾಡಿದ ಕದನ ಅದು. ಮಸುಕಾಗಿದ್ದ ಆ ಚಿತ್ರವನ್ನು ವೆಲ್ಲೆಸ್ಲಿ ಸರಿಪಡಿಸಿಸಿದ. ತನ್ನ ದೇಶದವರ ಸೋಲಿನ ಚಿತ್ರವನ್ನು! ಮುಂದೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಡಾಲ್‌ಹೌಸಿಯ ಆದೇಶದಂತೆ, ಮೂಲವನ್ನು ನೆನಪಿಟ್ಟುಕೊಂಡಿದ್ದ ಸ್ಥಳೀಯ ಕಲಾವಿದನಿಂದ ಮತ್ತೆ ಬರೆಸಲಾಯಿತೆಂದು ಮೈಸೂರು ಗೆಜೆಟಿಯರು ಹೇಳುತ್ತದೆ.

ಆ ಗೋಡೆಯ ಮುಂದೆ ನಿಂತವರಿಗೆ ಮೊದಲು ಹೊಳೆಯುವುದು ಇದೇ: ಇವರು ಸಿಪಾಯಿ ಗೊಂಬೆಗಳು! ಕೆಂಪಂಗಿಯವರ ಸಾಲು ಸಾಲು, ಒಂದೇ ಮುಖ, ಒಂದೇ ಭಂಗಿ; ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕಂಗಾಲಾದ ಬೇಲಿ. ದೂರ-ಹತ್ತಿರಗಳ ಪ್ರಮಾಣವಿಲ್ಲ, ಗುಂಡಿಗಳ ಲೆಕ್ಕವಿಲ್ಲ. ಗೆದ್ದವನ ಉಲ್ಲಾಸ ಮಾತ್ರ ಗೋಡೆ ತುಂಬ. ಆದರೂ ಅದು ಸುಳ್ಳಲ್ಲ. ಮದ್ದಿನ ಬಂಡಿ ನಿಜಕ್ಕೂ ಸಿಡಿದಿತ್ತು, ಬೇಲಿ ನಿಜಕ್ಕೂ ಸೆರೆಯಾಗಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಇದಕ್ಕೆ ಎದುರಾಗಿ ಲಂಡನ್ನಿನ ರಾಬರ್ಟ್ ಕೇರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ 1800ರಲ್ಲಿ ಬರೆದ ಪಟ್ಟಣದ ಪತನದ ಮಹಾಚಿತ್ರವನ್ನಿಡಿ. ನೂರಡಿಗೂ ಮಿಗಿಲಾದ ಉದ್ದದ ಆ ಚಿತ್ರದಲ್ಲಿ ಸಮವಸ್ತ್ರಗಳಿಗೆ, ಅಧಿಕಾರಿಗಳ ಮುಖಚಹರೆಗೆ ಬಹಳ ಗಮನ ಕೊಡಲಾಗಿತ್ತು. ಚಿತ್ರಕಾರ ಮಾತ್ರ ಕಾವೇರಿಯನ್ನು ಕಂಡವನೇ ಅಲ್ಲ. ಟಿಕೆಟ್ ಕೊಂಡು ಬಂದ ಜನ ಇದೇ ಶ್ರೀರಂಗಪಟ್ಟಣವೆಂದು ನಂಬಿ ಮನೆಗೆ ಹೋದರು. ನಿಖರತೆಯ ವೇಷ ತೊಟ್ಟ ಕಲ್ಪನೆ, ತಾನು ಆಟವೆಂದು ಒಪ್ಪಿಕೊಂಡ ಕಲ್ಪನೆಗಿಂತ ಹೆಚ್ಚು ದೂರ ದಾರಿ ತಪ್ಪಿಸಬಲ್ಲದು.

ನನ್ನ ಮೊಮ್ಮಗಳು ಏಳು ವರ್ಷದವಳಿದ್ದಾಗ ಕಪಾಟಿನ ಮುಂದೆ ನಿಂತು, ಕೆಂಪಂಗಿಯ ಮದ್ರಾಸು ಸಿಪಾಯಿಯೊಬ್ಬನತ್ತ ಬೆರಳು ಮಾಡಿ, “ತಾತ, ಇವನು ನಮ್ಮ ಕಡೆಯವನೋ ಅವರ ಕಡೆಯವನೋ?” ಎಂದು ಕೇಳಿದಳು. ನನ್ನ ಯಾವ ಪುಸ್ತಕದ ಗುಂಡಿಪಟ್ಟಿಯೂ ಆ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. ಅವನ ಕಾಲರಿನ ಬಣ್ಣಕ್ಕಾಗಿ ನಾನು ವಾರಗಟ್ಟಲೆ ಹುಡುಕಾಡಿದ್ದೆ. ಟಿಪ್ಪುವಿನ ಕಾಲಾಳಿನ ಹುಲಿಪಟ್ಟೆಯ ನೇರಳೆ ಅಂಗಿಗಾಗಿ, ಆ ಕಾಲದಲ್ಲಿ ಇಲ್ಲಿದ್ದ ಫಿರಂಗಿ ದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್ 1806ರಲ್ಲಿ ಪ್ರಕಟಿಸಿದ ಚಿತ್ರಗಳ ಪ್ರತಿಯನ್ನು ತರಿಸಿಕೊಂಡಿದ್ದೆ. ಮಗು ಕೇಳಿದ್ದು ಅದಕ್ಕಿಂತ ಹಿರಿದಾದ ನಿಖರತೆಯನ್ನು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಬಹುಪಾಲು ಜನ ಭಾರತೀಯರೇ. ಕಂಪನಿಯ ಸಿಪಾಯಿಗಳು, ನಿಜಾಮನ ಪಡೆಯವರು. ಎದುರಿಗೆ ಟಿಪ್ಪುವಿನ ಬಳಿ ಕೆಲವು ಫ್ರೆಂಚರೂ ಇದ್ದರು. “ಇವನು ಸಂಬಳದ ಕಡೆಯವನು, ಪುಟ್ಟಿ, ಮನೆಯಲ್ಲಿ ಅವನಿಗೂ ನಿನ್ನಂಥ ಮಗಳಿದ್ದಳು” ಎಂದೆ. ಅವಳು ಅವನನ್ನು ಸಾಲಿನಿಂದ ತೆಗೆದು ಎರಡೂ ಪಡೆಗಳ ನಡುವೆ ನಿಲ್ಲಿಸಿದಳು. ಯಾವ ಯುದ್ಧವ್ಯೂಹದ ಪುಸ್ತಕದಲ್ಲಿಯೂ ಆ ಜಾಗ ಇಲ್ಲ. ಆದರೆ ಅದು ತಪ್ಪು ಜಾಗವೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಗುಂಡಿ ಎಣಿಸುವವರ ವಿರುದ್ಧ ನನ್ನ ತಕರಾರು ಅವರು ಅತಿಯಾಗಿ ಎಣಿಸುತ್ತಾರೆ ಎಂಬುದಲ್ಲ, ಸಾಕಷ್ಟು ಎಣಿಸುವುದಿಲ್ಲ ಎಂಬುದು. ಮೈಸೂರು ಯುದ್ಧಗಳನ್ನು ನಿಜಕ್ಕೂ ನಿಖರವಾಗಿ ಕಪಾಟಿನಲ್ಲಿ ತೋರಿಸಬೇಕೆಂದಿದ್ದರೆ ಮೊದಲು ಬೇಕಾದದ್ದು ಎತ್ತುಗಳು. ಸಾಲು ಸಾಲು, ಸಾವಿರ ಸಾವಿರ ಎತ್ತುಗಳು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದು, ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮಳೆಯಲ್ಲಿ, ಮೇವಿಲ್ಲದೆ, ಅವನ ಎತ್ತುಗಳು ಸತ್ತುಬಿದ್ದಿದ್ದವು. ಮರುವರ್ಷ ಅವನ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಹೇರೆತ್ತುಗಳ ಮೇಲೆ ಧಾನ್ಯ ಹೊತ್ತು ತಂದ ಲಂಬಾಣಿಗಳು ಮುಖ್ಯರು. ಟಿಪ್ಪುವಿನ ಸೈನ್ಯದ ವೇಗದ ಗುಟ್ಟೂ ಅಮೃತಮಹಲ್ ತಳಿಯ ಎತ್ತುಗಳೇ. ಮುಂದೆ ವೆಲ್ಲೆಸ್ಲಿ ದಖ್ಖನ್ನಿನ ದಂಡಯಾತ್ರೆಗಳಲ್ಲಿ ನೆಚ್ಚಿಕೊಂಡದ್ದೂ ಮೈಸೂರಿನ ದನಗಳನ್ನೇ. ಎತ್ತು ಹೊಡೆಯುವವನು, ನೀರು ಹೊರುವವನು, ಡೋಲಿ ಹೊರುವವನು, ಬಿಡಾರದ ಹಿಂದೆ ಕೂಸು ಕಟ್ಟಿಕೊಂಡು ನಡೆದ ಹೆಂಗಸು: ಇವರು ನನ್ನ ಕಪಾಟಿನಲ್ಲಿಲ್ಲ, ನಾನು ನೋಡಿದ ಯಾವ ಸಂಗ್ರಹದಲ್ಲೂ ಸಾಲಾಗಿ ನಿಂತಿಲ್ಲ. ಕಾಲರಿನ ಬಣ್ಣ ಸರಿಯಿರುವ, ಎತ್ತುಗಳೇ ಇಲ್ಲದ ಸೈನ್ಯವನ್ನು ನಿಖರವೆಂದು ಕರೆಯುವುದು ಹೇಗೆ?

ಇನ್ನೊಂದು ಮುಜುಗರದ ವಿಷಯವೂ ಇದೆ. ಎರಡನೆಯ ಮಹಾಯುದ್ಧದ ಜರ್ಮನ್ ಗೊಂಬೆಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚು. ಹಿಟ್ಲರನ ಎಸ್‌ಎಸ್ ಪಡೆಯವರಿಗೂ ಗಿರಾಕಿಗಳಿದ್ದಾರೆ. ಕಾಲರಿನ ಲಾಂಛನ, ತಲೆಬುರುಡೆಯ ಬಿಲ್ಲೆ ಎಲ್ಲವೂ ಕೂದಲೆಳೆಯಷ್ಟು ಸರಿ. ಜರ್ಮನಿಯಲ್ಲಿ ಸ್ವಸ್ತಿಕದ ಸಾರ್ವಜನಿಕ ಪ್ರದರ್ಶನಕ್ಕೆ ಕಾನೂನಿನ ತಡೆಯಿರುವುದರಿಂದ ಅಲ್ಲಿ ಮಾರುವ ಮಾದರಿಗಳ ಪೆಟ್ಟಿಗೆಯ ಮೇಲಿನ ಚಿತ್ರಗಳಲ್ಲಿ ಅದನ್ನು ಅಳಿಸಿರುತ್ತಾರೆ. ಇತಿಹಾಸಕ್ಕೆ ಅಪಚಾರವಾಯಿತೆಂದು ಕೆಲವು ಹವ್ಯಾಸಿಗಳು ಗೊಣಗುವುದುಂಟು. ಆ ಪಡೆ ಏನು ಮಾಡಿತೆಂಬುದರ ಸುಳಿವೇ ಇಲ್ಲದ ಕಪಾಟಿನಲ್ಲಿ ಲಾಂಛನ ಮಾತ್ರ ಸರಿಯಾಗಿರುವುದು ಯಾವ ಇತಿಹಾಸಕ್ಕೆ ಸಲ್ಲಿಸುವ ಗೌರವ? ‘ನಾವು ರಾಜಕೀಯ ಮಾಡುವುದಿಲ್ಲ, ಸಮವಸ್ತ್ರವನ್ನಷ್ಟೇ ನೋಡುತ್ತೇವೆ’ ಎಂಬ ಮಾತಿನಲ್ಲಿ ನಿಖರತೆಯು ಕಣ್ಣು ಮುಚ್ಚಿಕೊಳ್ಳುವ ಉಪಾಯವಾಗಿಬಿಡುತ್ತದೆ.

ಹಾಗೆಂದು ಗೊಂಬೆಗಳನ್ನೆಲ್ಲ ಪಾಠದ ಸಾಮಗ್ರಿ ಮಾಡಿಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಸಂತೋಷವಿಲ್ಲದ ಹವ್ಯಾಸ ಎರಡು ದಿನ ಬಾಳುವುದಿಲ್ಲ. ಈ ವಿಚಾರದಲ್ಲಿ ನಮ್ಮ ದಸರಾ ಬೊಂಬೆಗಳು ಪಾಶ್ಚಾತ್ಯ ಹವ್ಯಾಸಿಗಿಂತ ಜಾಣತನ ತೋರಿವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ಕೆಳಗೆ ದಶಾವತಾರ, ಅದರ ಕೆಳಗೆ ಅಂಬಾರಿ ಆನೆ, ವಾದ್ಯದವರು, ಪೇಟ ತೊಟ್ಟ ಸಿಪಾಯಿಗಳು, ಪಕ್ಕದಲ್ಲೇ ಚನ್ನಪಟ್ಟಣದ ರೈಲು, ಕೊನೆಗೆ ಕ್ರಿಕೆಟ್ ತಂಡ. ಕಾಲವೂ ಪ್ರಮಾಣವೂ ಕಲಸುಮೇಲೋಗರ. ಯಾರೂ ಇದನ್ನು ಇತಿಹಾಸವೆಂದು ತಿಳಿಯುವುದಿಲ್ಲ, ಯಾರೂ ಮೋಸಹೋಗುವುದಿಲ್ಲ. ಮುಖ್ಯವಾಗಿ, ಶೆಟ್ಟಿ ದಂಪತಿಗಳು ಅಲ್ಲಿ ಅಂಗಡಿ ಇಟ್ಟುಕೊಂಡು ರಾಜನ ಕಾಲಬುಡದಲ್ಲೇ ಕುಳಿತಿರುತ್ತಾರೆ. ಸೈನ್ಯಕ್ಕೆ ಅಕ್ಕಿಬೇಳೆ ಎಲ್ಲಿಂದ ಬರುತ್ತದೆಂಬ ನೆನಪು ಆ ಮೆಟ್ಟಿಲುಗಳಿಗಿದೆ.

ಆದ್ದರಿಂದ ಎರಡು ಪಂಥಗಳಿಗೂ ನನ್ನ ಸಲಹೆ ಸರಳವಾದದ್ದು. ಆಡುವವರು ಆಟವೆಂದು ಹೇಳಿ ಆಡಲಿ. ಎದುರಾಳಿಗೂ ಫಿರಂಗಿ ಕೊಡಲಿ. ಎಣಿಸುವವರು ಗುಂಡಿಗಳಿಗೇ ನಿಲ್ಲದೆ ಎತ್ತುಗಳನ್ನೂ, ಸಂಬಳಕ್ಕೆ ದುಡಿದವರನ್ನೂ, ಬೇರೆಯವರು ಕಿತ್ತುಹಾಕಿಸಿದ ಗೊಂಬೆಗಳನ್ನೂ ಎಣಿಸಲಿ. ಗೊತ್ತಿದ್ದದ್ದನ್ನು ಗೊತ್ತಿದ್ದಂತೆ ಬಣ್ಣ ಹಚ್ಚಿ, ಊಹಿಸಿದ್ದನ್ನು ಊಹೆಯೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಂತೋಷಕ್ಕೆ ಯಾವ ಕುಂದೂ ಬಾರದು. ಈ ವರ್ಷ ನಾನು ಕೈಗೆತ್ತಿಕೊಂಡಿರುವ ಕೆಲಸ ಹನ್ನೆರಡು ಜೊತೆ ಹಳ್ಳಿಕಾರ್ ಎತ್ತುಗಳದು. ಅವುಗಳ ಕೊಂಬಿನ ಬಾಗು ಹೇಗಿರಬೇಕೆಂದು ನಿರ್ಧರಿಸಲು ಪುಸ್ತಕ ಬೇಕಾಗಿಲ್ಲ. ಮಂಡ್ಯದ ಕಡೆ ಯಾವ ಜಾತ್ರೆಗೆ ಹೋದರೂ ಸಾಕು.